ಚೇಂಬರ್ ಪ್ಯಾಕಿಂಗ್ ಮತ್ತು ನನ್ನ ಬಿಇ ಡಿಗ್ರಿ

ನಮ್ಮ ಮನೆ ಮುಂದಿನ ಸಿಮೆಂಟ್ ನೆಲದ ಮೇಲೆ ಒಂದು ಕಪ್ಪು ಕಲೆ ಇದೆ. ಅಮ್ಮ ಅದರ ಮೇಲೆ ಸೋಪಿನ ಪುಡಿ ಸುರಿದು ಉಜ್ಜಿದ್ದಾಳೆ, ಬೂದಿ ಹಾಕಿ ತಿಕ್ಕಿದ್ದಾಳೆ, ಕೊನೆಗೆ ಸೋತು ರಂಗೋಲಿಯನ್ನೇ ಎರಡಡಿ ಪಕ್ಕಕ್ಕೆ ಸರಿಸಿದ್ದಾಳೆ. ಅಪ್ಪನ ಓಮ್ನಿ ನಿಲ್ಲುವ ಜಾಗ ಅದು.

ಬೆಳಿಗ್ಗೆ 5 ಗಂಟೆಗೆ ಅಪ್ಪ ತಿಪಟೂರಿನ ಬೇಕರಿಯೊಂದರಿಂದ ಬ್ರೆಡ್ಡು, ಬನ್ನು, ರಸ್ಕು ತುಂಬಿಕೊಂಡು ಹೊರಡುತ್ತಾರೆ. ಸುತ್ತಲಿನ ಹಳ್ಳಿಗಳ ಅಂಗಡಿಗಳಿಗೆ ಹಾಕಿ, ಹಳೇ ಬಾಕಿ ವಸೂಲಿ ಮಾಡಿಕೊಂಡು ಬರುವಾಗ ಮಧ್ಯಾಹ್ನ. ನನ್ನ ಬಿಇ ಫೀಸು ಕಟ್ಟಿದ್ದು, ತಂಗಿಯ ಪಿಯುಸಿ ಪುಸ್ತಕ ತಂದದ್ದು ಎಲ್ಲ ಆ ವ್ಯಾನೇ. ಓಮ್ನಿ ತಯಾರಿಕೆ 2019ರಲ್ಲಿ ನಿಂತುಹೋಯಿತು. ನಮ್ಮದು ಅದಕ್ಕಿಂತ ಬಹಳ ಹಳೆಯದು. 796 ಸಿಸಿಯ ಮೂರು ಸಿಲಿಂಡರಿನ ಪುಟ್ಟ ಎಂಜಿನ್ನು, ಡ್ರೈವರ್ ಸೀಟಿನ ಅಡಿಯಲ್ಲೇ ಕೂತು ಬೇಸಿಗೆಯಲ್ಲಿ ಅಪ್ಪನ ತೊಡೆ ಬೇಯಿಸುತ್ತದೆ.

ಒಂದು ವರ್ಷದಿಂದ ಅದು ಎಣ್ಣೆ ಸುರಿಸುತ್ತಿತ್ತು. ಗ್ಯಾರೇಜಿನವರು ನೋಡಿ 'ಚೇಂಬರ್ ಪ್ಯಾಕಿಂಗ್ ಹೋಗಿದೆ' ಅಂದರು. ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತಗಡಿನ ತಟ್ಟೆಗೆ ಮೆಕ್ಯಾನಿಕ್ಕುಗಳ ಭಾಷೆಯಲ್ಲಿ ಆಯಿಲ್ ಚೇಂಬರ್ ಎನ್ನುತ್ತಾರೆ. ಆ ತಟ್ಟೆಗೂ ಎಂಜಿನ್ ಬ್ಲಾಕಿಗೂ ನಡುವೆ ಕೂರುವ ಕಾರ್ಕಿನ ಪಟ್ಟಿಯೇ ಪ್ಯಾಕಿಂಗ್. ನಾಲ್ಕು ವರ್ಷ ನಾನು ಇವನ್ನು ಆಯಿಲ್ ಪ್ಯಾನ್, ಗ್ಯಾಸ್ಕೆಟ್ ಎಂದು ಬರೆದು ಅಂಕ ಪಡೆದಿದ್ದೆ. ಪ್ಯಾಕಿಂಗನ್ನು ಒಂದಲ್ಲ, ಎರಡು ಸಲ ಬದಲಿಸಿದರು. ಎರಡೂ ಸಲ ಹತ್ತು ಹದಿನೈದು ದಿನ ಸುಮ್ಮನಿದ್ದು ಮತ್ತೆ ತೊಟ್ಟಿಕ್ಕತೊಡಗಿತು. ಮೂರನೇ ಸಲ 4,500 ರೂಪಾಯಿ ಕೇಳಿದರು. ಅಷ್ಟರಲ್ಲಿ ಇನ್ನೊಂದು ಕಾಟ ಶುರುವಾಗಿತ್ತು. ಗಾಡಿ ನಿಂತಲ್ಲೇ ಸ್ಲೋ ಓಡುವಾಗ ಡ್ಯಾಶ್‌ಬೋರ್ಡಿನ ಕೆಂಪು ಎಣ್ಣೆ ದೀಪ ಮಿಣುಕುತ್ತಿತ್ತು. ಅಪ್ಪ ಅರ್ಧ ಲೀಟರ್ ಎಣ್ಣೆ ಸುರಿದು 'ಈಗ ಸರಿಹೋಯ್ತು' ಅನ್ನುತ್ತಿದ್ದರು. ಸರಿಹೋಗುತ್ತಿರಲಿಲ್ಲ.

ಅದೇ ವಾರ ಪೀಣ್ಯದ ಒಂದು ಕಂಪನಿಯಲ್ಲಿ ನನಗೆ ಇಂಟರ್‌ವ್ಯೂ. ಎಚ್‌ಆರ್ ಸುತ್ತು ಸಲೀಸಾಗಿ ಮುಗಿಯಿತು. ಆಮೇಲೆ ತಲೆ ನರೆತ ಒಬ್ಬ ಎಂಜಿನಿಯರ್ ನನ್ನ ರೆಸ್ಯೂಮೆಯನ್ನು ಮಗುಚಿಟ್ಟು ಕೇಳಿದರು: 'ನಿಮ್ಮನೇಲಿ ಗಾಡಿ ಇದೆಯಾ? ಅದರಲ್ಲಿ ಎಣ್ಣೆ ಸೋರ್ತಿದೆ ಅಂತ ಇಟ್ಕೊಳ್ಳಿ. ಏನ್ಮಾಡ್ತೀರಾ?'

ನನಗೆ ಒಳಗೇ ಖುಷಿ. ಇದು ನಮ್ಮನೆ ಪ್ರಶ್ನೆಯೇ! 'ಗ್ಯಾಸ್ಕೆಟ್ ರಿಪ್ಲೇಸ್ ಮಾಡ್ತೀನಿ ಸರ್' ಅಂದೆ.

'ಅಲ್ಲಿಂದಲೇ ಸೋರ್ತಿದೆ ಅಂತ ನಿಮಗೆ ಹೇಗೆ ಗೊತ್ತು?'

ನನ್ನ ಬಾಯಿ ಕಟ್ಟಿತು. ಅವರು ಗದರಿಸಲಿಲ್ಲ, ನಗಲೂ ಇಲ್ಲ. 'ತಿಳಿಸ್ತೀವಿ' ಅಂದರು. ಆ 'ತಿಳಿಸ್ತೀವಿ' ಎಂದರೇನೆಂದು ಈ ಪುಟ ಓದುವವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ರಾತ್ರಿ ಮನೆಗೆ ಬಂದಾಗ ಅಪ್ಪ ಲೆಕ್ಕ ಹಾಕುತ್ತಾ ಕೂತಿದ್ದರು. ನನ್ನ ಡಿಸೈನ್ ಕೋರ್ಸಿಗೆಂದು ತೆಗೆದಿಟ್ಟ ದುಡ್ಡನ್ನು ಗ್ಯಾರೇಜಿಗೆ ಕೊಡುವುದೋ, ಗಾಡಿಯನ್ನೇ ಗುಜರಿಗೆ ಹಾಕುವುದೋ ಎಂಬಲ್ಲಿಗೆ ಬಂದು ನಿಂತಿತ್ತು ಲೆಕ್ಕ. ಅಮ್ಮ ಫೋನು ತೆಗೆದು ಅರಸೀಕೆರೆಯ ತನ್ನ ಅಣ್ಣನಿಗೆ ಮಾಡಿದಳು. ನನ್ನ ಸೋದರಮಾವ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಶನಿವಾರ ಮಧ್ಯಾಹ್ನದ ರೈಲಿಗೆ ಚೀಲ ಹೆಗಲಿಗೇರಿಸಿಕೊಂಡು ಬಂದೇಬಿಟ್ಟರು. ಚೀಲದಲ್ಲಿ ಒಂದು ಪಂಚೆ, ಒಂದು ಅಂಗಿ, ಉಳಿದದ್ದೆಲ್ಲ ಸ್ಪ್ಯಾನರು.

'ಅಳಿಯ್ದೇವ್ರು ಇಂಜಿನಿಯರ್ ಆಗಿರೋವಾಗ ನಾನ್ಯಾಕೆ ಗಾಡಿ ಕೆಳಗೆ ಮಲಗ್ಲಿ? ನೀನೇ ಮಾಡು, ನಾನು ಕುರ್ಚಿ ಹಾಕ್ಕೊಂಡು ನೋಡ್ತೀನಿ' ಅಂದರು. ಹಾಗೆಯೇ ಮಾಡಿದರು ಕೂಡ.

ನಾನು ಜಾಕಿ ಹಿಡಿದು ಓಡಿದೆ. ಮಾವ ತಡೆದರು. 'ಬಿಚ್ಚೋದು ಆಮೇಲೆ. ಮೊದಲು ಎಲ್ಲಿಂದ ಅಂತ ನೋಡು.' ಪೀಣ್ಯದ ಆ ಮನುಷ್ಯರೇ ವೇಷ ಬದಲಿಸಿ ಬಂದಂತಾಯಿತು.

ಎಂಜಿನ್ನಿನಲ್ಲಿ ಚೇಂಬರ್ ಎಲ್ಲಕ್ಕಿಂತ ಕೆಳಗಿರುತ್ತದೆ. ಮೇಲೆ ಟ್ಯಾಪೆಟ್ ಕವರಿನಲ್ಲಿ ಸೋರಿದರೂ, ಆಯಿಲ್ ಫಿಲ್ಟರಿನ ಬುಡದಲ್ಲಿ ಸೋರಿದರೂ, ಎಣ್ಣೆ ಪ್ರೆಷರಿನ ಸ್ವಿಚ್ಚಿನಲ್ಲಿ ಸೋರಿದರೂ, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಹೋಗಿದ್ದರೂ ಎಣ್ಣೆ ಇಳಿದು ಇಳಿದು ಕೊನೆಗೆ ಚೇಂಬರಿನ ಅಂಚಿನಿಂದಲೇ ಹನಿಯುತ್ತದೆ. ಕೆಳಗಿನಿಂದ ನೋಡಿದವರಿಗೆ ಕಳ್ಳ ಚೇಂಬರ್ ಪ್ಯಾಕಿಂಗೇ. ಡಿಪೋದಲ್ಲಿ ಹೊಸ ಹುಡುಗರು ಇದೇ ತಪ್ಪು ಮಾಡಿ ಚೇಂಬರ್ ಬಿಚ್ಚುತ್ತಿದ್ದರಂತೆ, ಸೋರುತ್ತಿದ್ದದ್ದು ಡ್ರೈನ್ ಬೋಲ್ಟಿನ ವಾಷರ್ ಆಗಿರುತ್ತಿತ್ತಂತೆ.

ಹಳೇ ಹಲ್ಲುಜ್ಜುವ ಬ್ರಷ್ಷು, ಡೀಸೆಲ್ಲು, ಬಟ್ಟೆ ಹಿಡಿದು ಇಡೀ ಎಂಜಿನ್ನನ್ನು ತೊಳೆದೆ. ಎರಡು ಗಂಟೆ ಹಿಡಿಯಿತು. ಒಣಗಿದ ಮೇಲೆ ಮಾವ ಅಮ್ಮನ ಟಾಲ್ಕಂ ಪೌಡರ್ ಡಬ್ಬಿ ತರಿಸಿದರು. ಚೇಂಬರಿನ ಅಂಚಿಗೆ, ಫಿಲ್ಟರಿನ ಸುತ್ತ, ಡ್ರೈನ್ ಬೋಲ್ಟಿಗೆ, ಟ್ಯಾಪೆಟ್ ಕವರಿನ ಕೆಳಗೆ ಧಾರಾಳವಾಗಿ ಉದುರಿಸಿದೆ. ಅರಸೀಕೆರೆ ರಸ್ತೆಯಲ್ಲಿ ಗಾಡಿಯನ್ನು ಅರ್ಧ ಗಂಟೆ ಓಡಿಸಿ ಬಂದು ಟಾರ್ಚ್ ಬಿಟ್ಟು ನೋಡಿದರೆ ಎಲ್ಲೆಲ್ಲೂ ಬಿಳಿ ಪೌಡರ್, ಚೇಂಬರಿನ ಅಂಚಿನಲ್ಲಿ ಮಾತ್ರ ಎರಡು ಕಡೆ ಕಪ್ಪಗೆ ನೆನೆದ ಗೆರೆ. ಅಂದರೆ ಗ್ಯಾರೇಜಿನವರು ಹೇಳಿದ ಜಾಗ ಸರಿಯಾಗಿಯೇ ಇತ್ತು. ಎರಡು ಸಲ ಬದಲಿಸಿದರೂ ಯಾಕೆ ಸೋರಿತು ಎಂಬುದಷ್ಟೇ ಉಳಿದ ಪ್ರಶ್ನೆ.

'ಬ್ರೀದರ್ ಪೈಪ್ ನೋಡಿದ್ಯಾ?' ಅಂದರು ಮಾವ. ಪಿಸ್ಟನ್ ರಿಂಗುಗಳ ಸಂದಿಯಿಂದ ಅಷ್ಟಿಷ್ಟು ಹೊಗೆ ಎಂಜಿನ್ನಿನ ಹೊಟ್ಟೆಗೆ ಇಳಿಯುತ್ತಲೇ ಇರುತ್ತದೆ. ಅದು ಹೊರಬರಲು ಇರುವ ದಾರಿ ಬ್ರೀದರ್. ಆ ದಾರಿ ಕಟ್ಟಿದರೆ ಒಳಗಿನ ಒತ್ತಡ ಎಣ್ಣೆಯನ್ನು ಸಿಕ್ಕ ಸಂದಿಯಿಂದೆಲ್ಲ ಹೊರಗೆ ದಬ್ಬುತ್ತದೆ. ಹಿತ್ತಲಲ್ಲಿ ಅಕ್ಕಿ ಆರಿಸುತ್ತಿದ್ದ ಅಮ್ಮ ಕೂತಲ್ಲಿಂದಲೇ, 'ಕುಕ್ಕರ್ ರಬ್ಬರ್ ಹೊಸದು ಹಾಕಿದ್ರೂ ವಿಷಲ್ ತೂತು ಕಟ್ಟಿದ್ರೆ ಪಕ್ಕದಿಂದ ಉಕ್ಕಲ್ವೇನೋ' ಅಂದಳು. ಮಾವ 'ನನ್ನ ತಂಗಿ ನೋಡು' ಎಂಬಂತೆ ನನ್ನ ಕಡೆ ನೋಡಿದರು. ಪೈಪ್ ಬಿಚ್ಚಿ ಊದಿದೆ. ಅರ್ಧ ಕಟ್ಟಿತ್ತು, ಡೀಸೆಲ್ಲಿನಲ್ಲಿ ತೊಳೆದೆ. ಆದರೆ ಅಸಲು ಕಾರಣ ಅದಾಗಿರಲಿಲ್ಲ.

ಇನ್ನು ಗಾಡಿ ಎತ್ತುವುದು. ಇಲ್ಲಿ ಮಾತ್ರ ಮಾವ ತಮಾಷೆ ಬಿಟ್ಟರು. ಜಾಕಿಯ ನಂಬಿಕೆಯ ಮೇಲೆ ಯಾರೂ ಗಾಡಿ ಕೆಳಗೆ ತಲೆ ಇಡಬಾರದು. ಜಾಕಿ ಎತ್ತುವುದಕ್ಕೆ, ಹಿಡಿದು ನಿಲ್ಲಿಸುವುದಕ್ಕಲ್ಲ. ಇಟ್ಟಿಗೆ, ಸಿಮೆಂಟಿನ ಟೊಳ್ಳು ಬ್ಲಾಕು ಕೂಡ ಬೇಡ. ನೋಡಲು ಗಟ್ಟಿ, ಒಂದು ಮೂಲೆಯಲ್ಲಿ ಭಾರ ಬಿದ್ದರೆ ಏಕಾಏಕಿ ಪುಡಿಯಾಗುತ್ತದೆ. ಪರಿಚಯದ ಟೈರ್ ಅಂಗಡಿಯಿಂದ ಎರಡು ಕಬ್ಬಿಣದ ಸ್ಟ್ಯಾಂಡ್ ಕೇಳಿ ತಂದೆವು. ಗಟ್ಟಿ ನೆಲ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಮರದ ತುಂಡು, ಹ್ಯಾಂಡ್‌ಬ್ರೇಕ್, ಗೇರ್. ಸ್ಟ್ಯಾಂಡ್ ಮೇಲೆ ಕೂರಿಸಿದ ಮೇಲೆ ಮಾವ ಗಾಡಿಯನ್ನು ಪಕ್ಕದಿಂದ ಜೋರಾಗಿ ಅಲುಗಾಡಿಸಿದರು. 'ಬೀಳೋದಾದ್ರೆ ಈಗಲೇ ಬೀಳ್ಲಿ' ಅಂದರು.

ಎಣ್ಣೆ ಉಗುರುಬೆಚ್ಚಗಿರುವಾಗ ಇಳಿಸಿದೆವು. ತಣ್ಣಗಾದರೆ ಕೆಸರು ತಳದಲ್ಲೇ ಉಳಿಯುತ್ತದೆ, ಕುದಿಯುವಾಗ ಬಿಚ್ಚಿದರೆ ಕೈ ಸುಡುತ್ತದೆ. ಕ್ಲಚ್ ಹೌಸಿಂಗಿನ ಕೆಳಗಿನ ಪುಟ್ಟ ತಗಡು ಬಿಚ್ಚಿದ ಮೇಲೆ ಚೇಂಬರಿನ ಸುತ್ತಲಿನ ಬೋಲ್ಟುಗಳು. ತಲೆ 10 ಎಂಎಂ. ಒಂದು ರಟ್ಟಿನ ಮೇಲೆ ಚೇಂಬರಿನ ಆಕಾರ ಬರೆದು, ಬಿಚ್ಚಿದ ಬೋಲ್ಟನ್ನು ಅದರದರ ಜಾಗದಲ್ಲೇ ಚುಚ್ಚುತ್ತಾ ಹೋದೆ. ಎಲ್ಲ ಬೋಲ್ಟು ಬಂದರೂ ಚೇಂಬರ್ ಬರಲಿಲ್ಲ. ಸಿಲಿಕೋನ್ ಪೇಸ್ಟಿನಲ್ಲಿ ಅಂಟಿಕೊಂಡಿತ್ತು. ಸ್ಕ್ರೂಡ್ರೈವರ್ ತುರುಕಿ ಮೀಟಲು ಹೋದೆ. 'ಬ್ಲಾಕಿಗೆ ಗೀರು ಬಿದ್ರೆ ಆ ಗೀರಲ್ಲೇ ಜನ್ಮಪೂರ್ತಿ ಸೋರುತ್ತೆ' ಎಂದು ಮಾವ ಕೂಗಿದರು. ಮರದ ತುಂಡು ಅಡ್ಡ ಇಟ್ಟು ಮೂಲೆಗಳಿಗೆ ತಟ್ಟಿ, ಸಂದಿ ಬಿಟ್ಟಲ್ಲಿ ಪೇಂಟರುಗಳ ತೆಳು ಪಟ್ಟಿ ತೂರಿಸುತ್ತಾ ಹೋದಾಗ ತಟಕ್ಕನೆ ಕಳಚಿತು. ತಳದಲ್ಲುಳಿದಿದ್ದ ಎಣ್ಣೆಯೆಲ್ಲ ನನ್ನ ಎದೆ ಮೇಲೆ. ಕಾಲೇಜ್ ಫೆಸ್ಟಿನ ಟೀ ಶರ್ಟ್ ಅಲ್ಲಿಗೆ ಮುಗಿಯಿತು.

ಟಾರ್ಚ್ ಬಿಟ್ಟು ಮೇಲೆ ನೋಡಿದ ಮೇಲೆ ಯಾರೂ ಮಾತಾಡಲಿಲ್ಲ.

ಚೇಂಬರಿನಲ್ಲಿ ಮುಳುಗಿರುವ ಒಂದು ಜಾಲರಿ ಇರುತ್ತದೆ. ಆಯಿಲ್ ಪಂಪು ಅದರ ಮೂಲಕವೇ ಎಣ್ಣೆ ಹೀರಿ ಇಡೀ ಎಂಜಿನ್ನಿಗೆ ಕಳಿಸುತ್ತದೆ. ಆ ಜಾಲರಿಗೆ ಕರಿ ಹುಳುಗಳಂತೆ ಸಿಲಿಕೋನಿನ ತುಂಡುಗಳು ಅಂಟಿಕೊಂಡಿದ್ದವು. ಅರ್ಧಕ್ಕಿಂತ ಹೆಚ್ಚು ಮುಚ್ಚಿಹೋಗಿತ್ತು. ಸೋರಿಕೆ ನಿಲ್ಲಿಸಲು ಟ್ಯೂಬುಗಟ್ಟಲೆ ಪೇಸ್ಟ್ ಮೆತ್ತಿ ಬಿಗಿದಿದ್ದಾರೆ. ಹೊರಗೆ ಉಬ್ಬಿದಷ್ಟೇ ಒಳಗೂ ಉಬ್ಬಿದೆ. ಹೊರಗಿನದು ಕಣ್ಣಿಗೆ ಕಾಣುತ್ತದೆ. ಒಳಗಿನದು ಬಿಸಿ ಎಣ್ಣೆಯಲ್ಲಿ ಕಳಚಿ, ತೇಲಿ, ಜಾಲರಿಗೆ ಬಂದು ಕೂತಿದೆ. ಕೆಂಪು ದೀಪ ಮಿಣುಕುತ್ತಿದ್ದದ್ದು ಎಣ್ಣೆ ಕಡಿಮೆಯಾಗಿ ಅಲ್ಲ, ಎಣ್ಣೆ ಮೇಲೇರದೆ. ಇನ್ನಷ್ಟು ದಿನ ಹೀಗೇ ಓಡಿಸಿದ್ದರೆ ಬೇರಿಂಗ್ ಹಿಡಿದು ಎಂಜಿನ್ ಜಾಮ್ ಆಗುತ್ತಿತ್ತು. ಅಪ್ಪ ಒಂದು ತುಂಡನ್ನು ಉಗುರಲ್ಲಿ ಕಿತ್ತು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. 'ಇದಕ್ಕೆ ಎರಡು ಸಲ ದುಡ್ಡು ಕೊಟ್ಟಿದೀನಿ' ಎಂದಷ್ಟೇ ಹೇಳಿ ಒಳಗೆ ಹೋದರು.

ಜಾಲರಿಯನ್ನು ಬಿಚ್ಚಿ ತೊಳೆಯುವುದು ಸರಿಯಾದ ಕ್ರಮ. ಆದರೆ ಬಿಚ್ಚಿದರೆ ಅದರ ಪೈಪಿನ ಓ-ರಿಂಗ್ ಹೊಸದೇ ಹಾಕಬೇಕು. ಹಳೆಯದನ್ನೇ ಕೂರಿಸಿದರೆ ಪಂಪು ಎಣ್ಣೆಯ ಬದಲು ಗಾಳಿ ಎಳೆಯುವ ಅಪಾಯವಿದೆ. ನಮ್ಮಲ್ಲಿ ಹೊಸದಿರಲಿಲ್ಲ. ಅಮ್ಮನ ಹುಬ್ಬಿನ ಚಿಮಟ ತಂದು ಒಂದೊಂದೇ ತುಂಡು ಕಿತ್ತು, ಬ್ರಷ್ಷಿನಲ್ಲಿ ಡೀಸೆಲ್ ಹಚ್ಚಿ ತೊಳೆದೆ. ರಾತ್ರಿ ಒಂಬತ್ತಾಯಿತು.

ಮಾವ ಚೇಂಬರನ್ನು ಹಿತ್ತಲಿಗೆ ಒಯ್ದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೋರಲು ಹಾಕಿದರು. ಆಗ ಅಸಲು ಕಳ್ಳ ಸಿಕ್ಕಿದ. ಚೇಂಬರಿನ ಅಂಚು ಕಲ್ಲಿಗೆ ಎಲ್ಲ ಕಡೆ ಕೂರುತ್ತಿರಲಿಲ್ಲ. ಒಂದೊಂದು ಬೋಲ್ಟಿನ ತೂತಿನ ಸುತ್ತಲೂ ತಗಡು ಗುಳಿ ಬಿದ್ದು, ಬ್ಲಾಕಿನ ಕಡೆಗೆ ಉಬ್ಬಿ ನಿಂತಿತ್ತು. ಬೋಲ್ಟನ್ನು ಅತಿಯಾಗಿ ಬಿಗಿದರೆ ತೆಳು ತಗಡು ಹೀಗೆ ಎಳೆದುಕೊಳ್ಳುತ್ತದೆ. ಬೋಲ್ಟಿನ ಹತ್ತಿರ ಪ್ಯಾಕಿಂಗ್ ಅಪ್ಪಚ್ಚಿ, ಎರಡು ಬೋಲ್ಟುಗಳ ನಡುವೆ ಸಡಿಲ. ಸೋರಿತು ಎಂದು ಇನ್ನಷ್ಟು ಬಿಗಿ, ಇನ್ನಷ್ಟು ಉಬ್ಬು, ಇನ್ನಷ್ಟು ಸೋರಿಕೆ. ಇಂಥ ಅಂಚಿನ ಮೇಲೆ ಎಷ್ಟು ಹೊಸ ಪ್ಯಾಕಿಂಗ್ ಹಾಕಿದರೂ ಅಷ್ಟೇ.

ಅಂಚನ್ನು ಗಟ್ಟಿ ಮರದ ದಿಮ್ಮಿಯ ಮೇಲಿಟ್ಟು, ಉಬ್ಬಿದ ಕಡೆ ಗುಂಡುತಲೆಯ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತಾ, ಸ್ಟೀಲ್ ಸ್ಕೇಲ್ ಅಡ್ಡ ಹಿಡಿದು ಬೆಳಕು ತೂರುತ್ತದೆಯೇ ಎಂದು ನೋಡುತ್ತಾ ಸಮ ಮಾಡಿದೆವು. ಬ್ಲಾಕಿನ ಕಡೆ ಅಂಟಿದ್ದ ಹಳೆಯದನ್ನೆಲ್ಲ ಕೆರೆದು, ಒಂದು ಚೂರೂ ಎಂಜಿನ್ನಿನೊಳಗೆ ಹೋಗದಂತೆ ಒರೆಸಿ, ಕೊನೆಗೆ ಪೆಟ್ರೋಲ್ ಬಟ್ಟೆಯಲ್ಲಿ ಜಿಡ್ಡು ತೆಗೆದೆವು. ನನ್ನ ಮಟ್ಟಿಗೆ ಈ ಕೆಲಸದ ಮುಕ್ಕಾಲು ಪಾಲು ಇದೇ. ಬಿಚ್ಚುವುದು, ಕಟ್ಟುವುದು ಉಳಿದ ಕಾಲು ಪಾಲು.

ಭಾನುವಾರ ಬೆಳಿಗ್ಗೆ ಹೊಸ ಪ್ಯಾಕಿಂಗ್ ಕೂರಿಸಿ, ಚೇಂಬರ್ ಎತ್ತಿ ಹಿಡಿದು, ಬೋಲ್ಟ್ ಹಾಕತೊಡಗಿದೆ. ಇಷ್ಟೆಲ್ಲ ನೋಡಿಯೂ ಬುದ್ಧಿ ಬರಬೇಕಲ್ಲ? ಮತ್ತೆ ಸೋರಿಬಿಟ್ಟರೆ ಎಂಬ ಭಯಕ್ಕೆ ಮೊದಲ ಮೂಲೆಯ ಬೋಲ್ಟನ್ನು ಹಲ್ಲು ಕಚ್ಚಿ ಬಿಗಿದೆ. ಕಾರ್ಕ್ ಪಕ್ಕಕ್ಕೆ ಉಬ್ಬಿ, ಪಟ್ ಎಂದು ಸೀಳಿತು. ಭಾನುವಾರ. ಸ್ಪೇರ್ ಪಾರ್ಟ್ ಅಂಗಡಿ ಬಂದ್. ಸೋಮವಾರ 5 ಗಂಟೆಗೆ ಬ್ರೆಡ್ ಲೋಡ್.

ನಾನು ಅಳುವುದೊಂದು ಬಾಕಿ. ಮಾವ ಎದ್ದು ಒಳಗೆ ಹೋಗಿ ತಮ್ಮ ಚೀಲದ ತಳದಿಂದ ಸುರುಳಿ ಸುತ್ತಿದ ಕಾರ್ಕ್ ಶೀಟ್ ತಂದರು. ಇಂಥ ಅಳಿಯ ಇರುವಾಗ ತಾರದೆ ಇರುತ್ತಾರೆಯೇ! ಶೀಟಿನ ಮೇಲೆ ಚೇಂಬರನ್ನು ಬೋರಲಿಟ್ಟು ಸುತ್ತ ಪೆನ್ಸಿಲ್ಲಿನಲ್ಲಿ ಗೆರೆ ಎಳೆದರು. ತಂಗಿಯ ಕತ್ತರಿಯಲ್ಲಿ ಕತ್ತರಿಸಿದೆ. ತೂತಿಗೆ ಪಂಚ್ ಇರಲಿಲ್ಲ. ಹಳೇ ಛತ್ರಿಯ ಕೊಳವೆಯ ತುದಿಯನ್ನು ಅರದಲ್ಲಿ ಉಜ್ಜಿ ಚೂಪು ಮಾಡಿ ಸುತ್ತಿಗೆಯಲ್ಲಿ ಹೊಡೆದರೆ ಗುಂಡಗೆ ತೂತು. ಒಂದೂವರೆ ಗಂಟೆಯಲ್ಲಿ ಪ್ಯಾಕಿಂಗ್ ತಯಾರು. ಚೇಂಬರಿನ ಕಡೆ ಮಾತ್ರ ಬೆರಳಲ್ಲಿ ತೆಳ್ಳಗೆ ಸಿಲಿಕೋನ್ ಸವರಿದರು. ಪ್ಯಾಕಿಂಗ್ ಅಲುಗದಿರಲಿ ಎಂದಷ್ಟೇ, ಸೋರಿಕೆ ತಡೆಯಲು ಅಲ್ಲ.

'ಈಗ ಎಷ್ಟು ಬಿಗೀತೀಯ?' ಅಂದರು.

ಮೊಬೈಲಿನಲ್ಲಿ ಹುಡುಕಿದೆ. ಇಂಥ 6 ಎಂಎಂ ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್. ಟಾರ್ಕ್ ರೆಂಚ್ ನಮ್ಮಲ್ಲಿಲ್ಲ. ಆದರೆ ಟಾರ್ಕ್ ಎಂದರೆ ಬಲ ಗುಣಿಸು ದೂರ ಎಂಬುದು ಯಾವ ಸೆಮಿಸ್ಟರಿನಲ್ಲೂ ಮರೆತಿರಲಿಲ್ಲ. ಸ್ಪ್ಯಾನರ್ ಉದ್ದ ಅಳೆದೆ, 12 ಸೆಂಟಿಮೀಟರ್. 10ನ್ನು 0.12ರಿಂದ ಭಾಗಿಸಿದರೆ 83 ನ್ಯೂಟನ್, ಅಂದರೆ ಎಂಟೂವರೆ ಕೆಜಿಯಷ್ಟು ಎಳೆತ. ಅಮ್ಮನ ಹಳೇ ತೂಗು ತಕ್ಕಡಿಯ ಸ್ಪ್ರಿಂಗ್ ಕೊಕ್ಕೆಯನ್ನು ಸ್ಪ್ಯಾನರ್ ತುದಿಗೆ ಸಿಕ್ಕಿಸಿ ಎಳೆದು ನೋಡಿದೆ. ಇಷ್ಟೇನಾ ಅನ್ನಿಸಿತು. ಬಾಟಲಿ ಮುಚ್ಚಳ ಬಿಗಿಯುವುದಕ್ಕಿಂತ ಒಂದಿಷ್ಟು ಜಾಸ್ತಿ, ಅಷ್ಟೇ! ಮಾವ ತಕ್ಕಡಿಯ ಮುಳ್ಳು ನೋಡಿ, 'ನಾವು ಮೂವತ್ತು ವರ್ಷ ಮಣಿಕಟ್ಟಲ್ಲಿ ಮಾಡಿದ್ದನ್ನ ನೀನು ಲೆಕ್ಕದಲ್ಲಿ ಮಾಡ್ದೆ' ಅಂದರು. ಹೊಗಳಿಕೆಯೋ ಕುಹಕವೋ, ನಾನು ಹೊಗಳಿಕೆ ಎಂದೇ ಇಟ್ಟುಕೊಂಡಿದ್ದೇನೆ.

ಎಲ್ಲ ಬೋಲ್ಟನ್ನೂ ಮೊದಲು ಬೆರಳಲ್ಲಿ ತಿರುಗಿಸಿ, ಆಮೇಲೆ ನಡುವಿನಿಂದ ಶುರುಮಾಡಿ ಎದುರು ಬದುರಾಗಿ ಹೊರಗಿನ ಮೂಲೆಗಳ ಕಡೆಗೆ, ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ. ಒಂದೇ ಮೂಲೆಯನ್ನು ಪೂರ್ತಿ ಬಿಗಿದರೆ ಏನಾಗುತ್ತದೆಂದು ಬೆಳಿಗ್ಗೆಯೇ ನೋಡಿಯಾಗಿತ್ತು. ಡ್ರೈನ್ ಬೋಲ್ಟಿಗೆ ಹೊಸ ವಾಷರ್, ಹೊಸ ಫಿಲ್ಟರ್. ಫಿಲ್ಟರಿನ ರಬ್ಬರಿಗೆ ಎಣ್ಣೆ ಸವರಿ ಕೈಯಲ್ಲೇ ಬಿಗಿ. ಸಿಲಿಕೋನ್ ಒಣಗಲೆಂದು ರಾತ್ರಿಯಿಡೀ ಬಿಟ್ಟು, ಎಣ್ಣೆಯನ್ನು ಬೆಳಗಿನ ಜಾವಕ್ಕೆ ಮುಂದೂಡಿದೆವು. ಒಟ್ಟು ಖರ್ಚು ಎಣ್ಣೆ, ಫಿಲ್ಟರ್, ಸೀಳಿದ ಪ್ಯಾಕಿಂಗ್ ಎಲ್ಲ ಸೇರಿ 1,800 ರೂಪಾಯಿ ದಾಟಲಿಲ್ಲ. ಟೀ ಶರ್ಟ್ ಲೆಕ್ಕಕ್ಕಿಲ್ಲ.

ಇದನ್ನೋದಿ ಯಾರಾದರೂ ಅಪ್ಪನ ಹೊಸ ಕಾರಿನ ಕೆಳಗೆ ತೂರಿದರೆ ನಾನು ಹೊಣೆಯಲ್ಲ. ಈಗಿನ ಎಷ್ಟೋ ಕಾರುಗಳಲ್ಲಿ ಚೇಂಬರ್ ಅಲ್ಯೂಮಿನಿಯಮ್ಮಿನದು, ಕಾರ್ಕ್ ಪ್ಯಾಕಿಂಗೇ ಇರುವುದಿಲ್ಲ, ಕಂಪನಿ ಹೇಳಿದ ಸೀಲೆಂಟನ್ನು ಹೇಳಿದಷ್ಟೇ ದಪ್ಪ ಗೆರೆ ಎಳೆಯಬೇಕು. ಕೆಲವದರಲ್ಲಿ ಎಕ್ಸಾಸ್ಟ್ ಪೈಪೋ ಸಬ್‌ಫ್ರೇಮೋ ಇಳಿಸದೆ ಚೇಂಬರ್ ಹೊರಗೆ ಬರುವುದೇ ಇಲ್ಲ. ವಾರಂಟಿ ಇದ್ದರಂತೂ ಕೈ ಹಾಕಲೇಬೇಡಿ. ಮಾವನಂಥವರು ಕುರ್ಚಿ ಹಾಕಿಕೊಂಡು ಕೂತಿರದಿದ್ದರೆ ಹಳೇ ಗಾಡಿಗೂ ನಾನು ಕೈ ಹಾಕುತ್ತಿರಲಿಲ್ಲ. ಇಳಿಸಿದ ಹಳೇ ಎಣ್ಣೆಯನ್ನು ಪಕ್ಕದ ಮನೆಯವರು ಬೇಲಿ ಗೂಟಕ್ಕೆ ಬಳಿಯಲು ಕೇಳಿದರು. ಮಾವ ಕೊಡಲಿಲ್ಲ. 'ನೆಲಕ್ಕಿಳಿದ್ರೆ ಬೋರ್‌ವೆಲ್ ನೀರಲ್ಲೇ ಕುಡೀಬೇಕಾಗುತ್ತೆ' ಎಂದು ಕ್ಯಾನಿಗೆ ಹಾಕಿಸಿ, ಹಳೇ ಎಣ್ಣೆ ಕೊಳ್ಳುವವರಿಗೆ ಡ್ರಮ್ಮಿನಲ್ಲಿ ಶೇಖರಿಸಿಡುವ ಸರ್ವಿಸ್ ಸ್ಟೇಷನ್ನಿಗೆ ಕಳಿಸಿದರು.

ಸೋಮವಾರ ಮೂರೂವರೆಗೇ ಮೂವರೂ ಎದ್ದಿದ್ದೆವು. ಗಾಡಿ ಇಳಿಸಿ, ಸಮನೆಲದಲ್ಲಿ ನಿಲ್ಲಿಸಿ, ಡಿಪ್‌ಸ್ಟಿಕ್ಕಿನ ಎರಡು ಗುರುತುಗಳ ನಡುವೆ ಬರುವ ತನಕ ಎಣ್ಣೆ ಹಾಕಿದೆ. ಅಪ್ಪ ಕೀಲಿ ತಿರುಗಿಸಿದರು. ಕೆಂಪು ದೀಪ ಹತ್ತಿತು. ಎಂಜಿನ್ ಹಿಡಿಯಿತು. ಒಂದು, ಎರಡು, ಮೂರು ಎಂದು ನಾನು ಎಣಿಸುತ್ತಿದ್ದೆ. ಹೊಸ ಫಿಲ್ಟರ್ ತುಂಬಲು ಅಷ್ಟು ಹೊತ್ತು ಬೇಕು ಎಂದು ಮಾವ ಮೊದಲೇ ಹೇಳಿದ್ದರು. ನಾಲ್ಕಕ್ಕೆ ದೀಪ ಆರಿತು. ಅಪ್ಪ ಹತ್ತು ನಿಮಿಷ ಸ್ಲೋನಲ್ಲೇ ಬಿಟ್ಟು ಆ ದೀಪವನ್ನೇ ನೋಡುತ್ತಾ ಕೂತರು. ಅದು ಮಿಣುಕಲಿಲ್ಲ. ಎಂಜಿನ್ ಆಫ್ ಮಾಡಿ, ಸ್ವಲ್ಪ ಕಾದು, ಮತ್ತೆ ಡಿಪ್‌ಸ್ಟಿಕ್ ನೋಡಿ ಫಿಲ್ಟರ್ ಕುಡಿದಷ್ಟನ್ನು ಮತ್ತೆ ಹಾಕಿದೆ. ಐದಕ್ಕೆ ಹೊರಟರು.

ಮಾವ ಅದೇ ದಿನ ಅರಸೀಕೆರೆಗೆ ವಾಪಸಾದರು. ಬೋಲ್ಟ್ ಚುಚ್ಚಿದ್ದ ರಟ್ಟನ್ನು ನಾನು ಮಗುಚಿ ಗಾಡಿ ನಿಲ್ಲುವ ಜಾಗದಲ್ಲಿ ಹಾಸಿದ್ದೇನೆ. ದಿನಾ ಬೆಳಿಗ್ಗೆ ಅಪ್ಪ ಹೊರಟ ಮೇಲೆ ಅದನ್ನೆತ್ತಿ ಬೆಳಕಿಗೆ ಹಿಡಿಯುತ್ತೇನೆ. ಇವತ್ತಿಗೆ 41 ದಿನ. ಮೂರನೇ ವಾರದಲ್ಲಿ ಒಂದು ಒದ್ದೆ ಚುಕ್ಕೆ ಕಂಡು ಎದೆ ಧಸಕ್ಕೆಂದಿತ್ತು. ಮೂಸಿ ನೋಡಿದರೆ ಅಮ್ಮ ಅಂಗಳಕ್ಕೆ ಚಿಮುಕಿಸಿದ ಸಗಣಿ ನೀರು. ಪೀಣ್ಯದವರು ಇನ್ನೂ ತಿಳಿಸಿಲ್ಲ. ಮುಂದಿನ ಗುರುವಾರ ಇನ್ನೊಂದು ಕಡೆ ಇಂಟರ್‌ವ್ಯೂ ಇದೆ, ಉಗುರ ಸಂದಿಯ ಕರಿ ಮಾತ್ರ ಏನು ಮಾಡಿದರೂ ಹೋಗುತ್ತಿಲ್ಲ.